ಪಹಣಿ ಇಲ್ಲದವನ ಜೈಲು

(ಬಾಗಲವಾಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಜೈಲು ಅಂದರೆ ಕೊಲೆಗಾರರು, ದರೋಡೆಕೋರರು ಇರೋ ಜಾಗ ಅಂತ ತಿಳಿದಿದ್ದೇವೆ. ಸರ್ಕಾರದ್ದೇ 2022ರ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣೆಗೆ ಕಾಯುತ್ತಿದ್ದವರು. ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಶಿಕ್ಷೆ ಮೊದಲು, ತೀರ್ಪು ಆಮೇಲೆ!

ಯಾಕೆ ಹೀಗೆ? ಮಾನವಿ, ದೇವದುರ್ಗದ ಯಾವುದೇ ಕೇರಿಯ ಒಬ್ಬ ಕೂಲಿಯವನನ್ನು ನೆನೆಯಿರಿ. ಎರಡು ಕುರಿ ಕದ್ದ ಎಂಬ ಆರೋಪ. ಕೋರ್ಟು ಜಾಮೀನು ಕೊಟ್ಟರೂ ಜಾಮೀನುದಾರನ ಪಹಣಿ ಬೇಕು. ಭೂಮಿ ಇಲ್ಲದ ಕೇರಿಗೆ ಪಹಣಿ ಎಲ್ಲಿಂದ ಬರಬೇಕು? ಗೌಡರ ಬಾಗಿಲಿಗೆ ಹೋಗಬೇಕು. ಗೌಡರು ಪುಕ್ಕಟೆ ಕೊಟ್ಟಾರೇ? ಸುಗ್ಗಿಗೆ ಅವರ ಹೊಲದಲ್ಲೇ ದುಡಿಯಬೇಕು. 1976ರ ಕಾಯ್ದೆ ಹೊರಗೆ ಹಾಕಿದ ಜೀತ, ಜಾಮೀನಿನ ಕಾಗದ ಹಿಡಿದು ಮತ್ತೆ ಒಳಗೆ ಬರುತ್ತದೆ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಗುಳೆ ಹೋದರೆ ತಾರೀಖು ತಪ್ಪುತ್ತದೆ, ವಾರಂಟು ಬರುತ್ತದೆ.

1978ರಲ್ಲೇ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಬಡವನಿಗೆ ಎಟುಕದ ಜಾಮೀನು ಕೇಳುವುದು ಅನ್ಯಾಯ ಎಂದರು. ಆ ಮಾತು ನಮ್ಮ ಕೇರಿಗೆ ಇನ್ನೂ ಮುಟ್ಟಿಲ್ಲ.

"ತಪ್ಪು ಮಾಡ್ಯಾನ, ಅನುಭವಿಸ್ಲಿ" ಅಂತ ಊರು ಅಂತದ. ಕದ್ದದ್ದು ಸರಿ ಅಂತ ನಾನೂ ಹೇಳೋದಿಲ್ಲ. ಕದ್ದವನು ಹಿಂದಿರುಗಿಸಲಿ. ಆದರೆ ಎರಡು ಕುರಿಗಾಗಿ ಅವನ ಮಕ್ಕಳ ಕೂಳು, ಓದು ಯಾಕೆ ಹೋಗಬೇಕು?

ಕಾಯ್ದೆಯೂ ಅದನ್ನೇ ಕೇಳುತ್ತದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ ಪ್ರಕಾರ, ಸಣ್ಣ ತಪ್ಪಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ವರ್ಷದೊಳಗಿನವನನ್ನು ಜೈಲಿಗೆ ಕಳಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ಮಾಲು ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ.

ಇಲ್ಲಿ ಎಚ್ಚರವಾಗಿರಬೇಕು. ಜೈಲಿನಲ್ಲಿ ಕಸಬರಿಗೆ ನಮ್ಮವರಿಗೆ, ಸೌಟು ಮೇಲಿನವರಿಗೆ ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳೇ ಹಂಚಿದ್ದವು. ಅದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಹೇಳಿತು. ಹೊರಗಿನ 'ಸಮುದಾಯ ಸೇವೆ'ಯಲ್ಲೂ ನಮ್ಮ ಹುಡುಗನಿಗೆ ಚರಂಡಿ, ಅವರ ಹುಡುಗನಿಗೆ ಗಿಡ ನೆಡುವ ಕೆಲಸ ಆದರೆ ಅದು ಸುಧಾರಣೆಯಲ್ಲ, ಹಳೇ ಜಾತಿ ಕಸುಬು!

ನೀವು ಓದಿದವರು. ಕೇರಿಯಿಂದ ಯಾರನ್ನಾದರೂ ಹಿಡಿದೊಯ್ದರೆ ಗೌಡರ ಮನೆಗೆ ಓಡಬೇಡಿ. ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 15100ಕ್ಕೆ ಫೋನು ಮಾಡಿ. ಪರಿಶಿಷ್ಟರಿಗೆ, ಹೆಂಗಸರಿಗೆ, ಬಂಧನದಲ್ಲಿರುವವರಿಗೆ ವರಮಾನ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಇದೆ. ಪ್ರೊಬೇಷನ್ ಕೇಳಿ ಎಂದು ಆ ವಕೀಲರಿಗೆ ನೀವೇ ನೆನಪಿಸಿ. ಬಿಡುಗಡೆಯಾಗಿ ಬಂದವನನ್ನು ದೂರ ಇಡಬೇಡಿ. ಜೊತೆಗೆ ಕೂತು ಉಣ್ಣಿರಿ, ಕೆಲಸಕ್ಕೆ ಕರೆದೊಯ್ಯಿರಿ. ದೂರ ಇಡುವುದು ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಜೈ ಭೀಮ್.