ಬೆಂಗಳೂರು–ಮೈಸೂರು ರೈಲುದಾರಿ



ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣಮಾಡುವವರು ರಾಮನಗರದ ಬಂಡೆಗಳನ್ನೂ ಮಂಡ್ಯದ ಕಬ್ಬಿನ ಗದ್ದೆಗಳನ್ನೂ ಕಂಡು ಸಂತೋಷಪಡುವುದುಂಟು. ತಮ್ಮ ಗಾಡಿಯನ್ನು ಹೊತ್ತಿರುವ ಮಣ್ಣಿನ ಏರಿಯನ್ನು ಗಮನಿಸುವವರು ವಿರಳ. ಈ ದಿನ ಆ ಏರಿಯ ವಿಷಯವಾಗಿ ಎರಡು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ಮೈಸೂರು ಸೀಮೆಗೆ ಹೊಗೆಬಂಡಿಯು ಮೊದಲು ಬಂದುದು 1864ರಲ್ಲಿ. ಮದರಾಸು ರೈಲ್ವೆ ಕಂಪೆನಿಯವರು ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿನವರೆಗೆ ಕಂಬಿ ಹಾಕಿಸಿದರು. ಅಲ್ಲಿಂದ ಮೈಸೂರಿನ ಕಡೆಗೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಹೀಗಿರುವಲ್ಲಿ 1876ರಲ್ಲಿ ಮಳೆ ಹೋಯಿತು. ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮವು 1878ರವರೆಗೂ ನಾಡನ್ನು ಸುಟ್ಟಿತು. ಹೊರಗಿನ ಧಾನ್ಯವು ಬೆಂಗಳೂರಿನವರೆಗೆ ರೈಲಿನಲ್ಲಿ ಬರಬಹುದಾಗಿತ್ತು. ಅದನ್ನು ಹಳ್ಳಿಗಳಿಗೆ ಎಳೆದೊಯ್ಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದುವು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದ 55 ಸಾವಿರ. 1881ರಲ್ಲಿ ಅದು ಸುಮಾರು 41 ಲಕ್ಷದ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು.

ಈ ಸಂಕಟದ ಕಾಲದಲ್ಲಿಯೇ ಮೈಸೂರಿನ ದಾರಿಯ ಮಣ್ಣಿನ ಕೆಲಸವು ಕ್ಷಾಮಪರಿಹಾರದ ಕಾಮಗಾರಿಯಾಗಿ ಆರಂಭವಾಯಿತು. ಹಸಿದವರು ಬುಟ್ಟಿ ಹೊತ್ತರು, ಕೂಲಿಯಿಂದ ಗಂಜಿ ಕಂಡರು. 1881ರಲ್ಲಿ ರಾಜ್ಯವು ಚಾಮರಾಜ ಒಡೆಯರಿಗೆ ಮರಳಿತು. ರಂಗಾಚಾರ್ಲು ಅವರು ದಿವಾನರಾದರು. ಮರುವರ್ಷ, 1882ರಲ್ಲಿ, ಸುಮಾರು 86 ಮೈಲಿಯ ಮೀಟರ್‌ಗೇಜ್ ದಾರಿಯು ಮೈಸೂರನ್ನು ಮುಟ್ಟಿತು. ಮುಂದೆ 1990ರ ದಶಕದಲ್ಲಿ ಅದು ಅಗಲದಾರಿಯಾಯಿತು. ಆಮೇಲೆ ಜೋಡಿಹಳಿಯೂ ವಿದ್ಯುತ್ತೂ ಬಂದುವು.

ಹಳೆಯದನ್ನು ಉಳಿಸುವ ಪ್ರಯತ್ನವೂ ನಡೆದಿದೆ. 1979ರಲ್ಲಿ ಮೈಸೂರಿನಲ್ಲಿ ರೈಲ್ವೆ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಮಹಾರಾಣಿಯವರ ಪ್ರಯಾಣಕ್ಕಾಗಿ 1899ರಲ್ಲಿ ನಿರ್ಮಿಸಿದ ಗಾಡಿಯನ್ನು ಅಲ್ಲಿ ಕಾಣಬಹುದು. ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಎಲ್ಲರೂ ಎಂಜಿನ್ನುಗಳ ಸುತ್ತ ನೆರೆದರು. ಹಳ್ಳಿಯಿಂದ ಬಂದ ಹುಡುಗನೊಬ್ಬನು ಮಾತ್ರ, “ಸ್ವಾಮಿ, ನಮ್ಮ ಮುತ್ತಜ್ಜನ ತಂದೆ ಬರದಲ್ಲಿ ಈ ದಾರಿಗೆ ಮಣ್ಣು ಹೊತ್ತರಂತೆ. ಅವರ ಗುರುತು ಎಲ್ಲಿದೆ?” ಎಂದು ಕೇಳಿದನು. ಇಪ್ಪತ್ತು ವರ್ಷ ಇತಿಹಾಸವನ್ನು ಬೋಧಿಸಿದ ನಾನು ಆ ಕ್ಷಣ ನಿರುತ್ತರನಾದೆನು.

ರಾಣಿಯ ಗಾಡಿಯನ್ನು ಉಳಿಸಿದುದು ಯುಕ್ತವೇ ಸರಿ. ಆದರೆ ಕಬ್ಬಿಣವನ್ನು ಉಳಿಸಿ ಕೈಗಳನ್ನು ಮರೆತರೆ ಇತಿಹಾಸವು ಅರ್ಧವಾಗುತ್ತದೆ. ಹಳೆಯ ನಿಲ್ದಾಣದ ಗೋಡೆ, ಕಲ್ಲಿನ ಮೋರಿ, ಕೂಲಿಯ ಲೆಕ್ಕದ ಪುಸ್ತಕ, ಮನೆಯ ಮುದುಕರ ಬಾಯಲ್ಲಿರುವ ಬರಗಾಲದ ಕಥೆ, ಇವೂ ರೈಲುದಾರಿಯ ಆಸ್ತಿಯೇ. ಗೋಡೆಯನ್ನು ಇಲಾಖೆಯವರು ಕಾಯಬೇಕು; ಕಥೆಯನ್ನು ನಾವೇ ಬರೆದಿಡಬೇಕು, ಹೇಳುವವರು ಇರುವಾಗಲೇ.

ಮುಂದಿನ ಸಲ ಮೈಸೂರಿಗೆ ಹೋಗುವಾಗ ದಯಮಾಡಿ ಕಿಟಕಿಯಿಂದ ಒಂದು ಗಳಿಗೆ ಕೆಳಗೆ ನೋಡಿ. ಆ ಹುಡುಗನು ಕೇಳಿದ ಗುರುತು ಅಲ್ಲಿಯೇ ಇದೆ. ಅದರ ಮೇಲೆಯೇ ನಾವು ಸಾಗುತ್ತಿದ್ದೇವೆ.