ಒಂದು ವಂಶವಾಹಿ, ಎರಡು ರೋಗ



ವಾಷಿಂಗ್ಟನ್ ಸುತ್ತಮುತ್ತಲಿನ ನಮ್ಮವರ ಮನೆಗಳಲ್ಲಿ ಪಾಯಸ ಬಡಿಸುವಾಗ ಯಾರಾದರೊಬ್ಬರು ಕೈ ಅಡ್ಡ ಹಿಡಿದು, "ಸಕ್ಕರೆ ಕಾಯಿಲೆ ನಮ್ಮ ಮನೆತನದ ಆಸ್ತಿ, ಡಾಕ್ಟರೆ" ಎನ್ನುವುದುಂಟು. ಬಹುಪಾಲು ಜನರ ವಿಷಯದಲ್ಲಿ ಇದು ಅರ್ಧಸತ್ಯ. ಕೆಲವೇ ಕುಟುಂಬಗಳಲ್ಲಿ ಅಕ್ಷರಶಃ ನಿಜ. ಅಲ್ಲಿ ಸಾಮಾನ್ಯವಾಗಿ ಇಪ್ಪತ್ತೈದು ತುಂಬುವ ಮುನ್ನವೇ, ತೆಳ್ಳಗಿನ ಮೈಯವರಿಗೂ, ತಲೆಮಾರಿನಿಂದ ತಲೆಮಾರಿಗೆ ಮಧುಮೇಹ ಇಳಿದು ಬರುತ್ತದೆ. ಇದಕ್ಕೆ ‘ಮೋಡಿ’ ಎಂದು ಹೆಸರು. ನಮ್ಮ ಮಾಟ-ಮೋಡಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಪದಗಳ ಮೊದಲಕ್ಷರಗಳ ಕೂಡಿಕೆಯಷ್ಟೆ.

ಇದರ ಒಂದು ಮುಖ್ಯ ಬಗೆಗೆ 12ನೆಯ ವರ್ಣತಂತುವಿನ ಎಚ್‌ಎನ್‌ಎಫ್-1 ಆಲ್ಫಾ ಎಂಬ ವಂಶವಾಹಿಯ ದೋಷ ಕಾರಣವೆಂದು 1996ರಲ್ಲಿ ತಿಳಿಯಿತು. ಇದು ಇತರ ವಂಶವಾಹಿಗಳಿಗೆ ಅಪ್ಪಣೆ ಕೊಡುವ ಮೇಸ್ತ್ರಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ನಮಗೆ ಬರುತ್ತದೆ. ಒಂದು ಕೆಟ್ಟರೂ ಸಾಕು, ಇನ್ಸುಲಿನ್ ಸ್ರವಿಸುವ ಕೋಶಗಳು ಸೋಲುತ್ತವೆ.

ಯಕೃತ್ತು ಹಾಗಲ್ಲ; ಒಂದು ಪ್ರತಿಯಲ್ಲಿಯೂ ಸಂಸಾರ ತೂಗಿಸುತ್ತದೆ. 2002ರಲ್ಲಿ ಪ್ಯಾರಿಸ್ಸಿನ ಜೆಸ್ಸಿಕಾ ಜುಕ್‌ಮನ್-ರೊಸ್ಸಿಯವರ ತಂಡವು ಯಕೃತ್ತಿನ ಅಡಿನೋಮವೆಂಬ, ಕ್ಯಾನ್ಸರ್ ಅಲ್ಲದ ಗಡ್ಡೆಗಳನ್ನು ಪರೀಕ್ಷಿಸಿ, ಅನೇಕವುಗಳಲ್ಲಿ ಇದೇ ವಂಶವಾಹಿಯ ಎರಡೂ ಪ್ರತಿಗಳು ನಷ್ಟವಾಗಿರುವುದನ್ನು ಕಂಡಿತು. ಇಂದಿನ ಲೆಕ್ಕದಲ್ಲಿ ಇಂಥವು ಸುಮಾರು ಮೂರನೆಯ ಒಂದು ಭಾಗ. ಗರ್ಭನಿರೋಧಕ ಗುಳಿಗೆ ಸೇವಿಸುವ ಸ್ತ್ರೀಯರಲ್ಲಿ ಅಡಿನೋಮ ಹೆಚ್ಚು.

ಗಡ್ಡೆಯಲ್ಲಿನ ಬಹುತೇಕ ವಿಕೃತಿಗಳು ಹುಟ್ಟಿನಿಂದ ಬಂದವಲ್ಲ, ಆ ಕೋಶದಲ್ಲಿಯೇ ಆದವು. ಅವುಗಳ ಸ್ವರೂಪವೂ ಬೇರೆ: ಜಿ ಅಕ್ಷರವಿರಬೇಕಾದಲ್ಲಿ ಟಿ ಬರುವುದು ಗಡ್ಡೆಗಳಲ್ಲಿ ಹೆಚ್ಚು. ವಿಷವಸ್ತುಗಳ ಪೆಟ್ಟು ಇದಕ್ಕೆ ಕಾರಣವಿರಬಹುದೆಂದು 2010ರಲ್ಲಿ ಅದೇ ತಂಡ ಸೂಚಿಸಿತು. ಆದರೆ ಕೆಲವರು ಮೊದಲ ದೋಷವನ್ನು ಹುಟ್ಟಿನಿಂದಲೇ ಹೊತ್ತಿರುತ್ತಾರೆ. ಆದ್ದರಿಂದ ಯಕೃತ್ತಿನಲ್ಲಿ ಇಂಥ ಹಲವು ಗಡ್ಡೆಗಳಿರುವ ತರುಣಿಯ ಮನೆಯಲ್ಲಿ ಮಧುಮೇಹವುಂಟೇ ಎಂದು ಕೇಳಲೇಬೇಕು.

ಕೇಳಿದರೆ ಸಾಲದು, ಕೇಳಿಸಿಕೊಳ್ಳಬೇಕು. 1998ರಲ್ಲಿ ಕೆರೊಲಿನಾದ ಆಸ್ಪತ್ರೆಯೊಂದರಲ್ಲಿ ನಾನು ರೆಸಿಡೆಂಟ್ ಆಗಿದ್ದೆ. ತೆಳ್ಳಗಿನ ಹುಡುಗನೊಬ್ಬ ತನ್ನ ತಾಯಿಗೂ ಅಜ್ಜನಿಗೂ ಎಳೆಯ ವಯಸ್ಸಿನಲ್ಲೇ ಮಧುಮೇಹ ಬಂದಿತ್ತೆಂದ. ಕಡತದಲ್ಲಿ ಬರೆದುಕೊಂಡೆ, ಆಮೇಲೆ ಎಲ್ಲರಂತೆ ಅವನಿಗೂ ಇನ್ಸುಲಿನ್ ಬರೆದು ಕಳಿಸಿದೆ. ವಂಶವಾಹಿ ಪತ್ತೆಯಾಗಿ ಆಗಲೇ ಎರಡು ವರ್ಷ! 2003ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ವೈದ್ಯರು, ಈ ಬಗೆಯ ರೋಗಿಗಳಿಗೆ ಅಗ್ಗದ ಸಲ್ಫೊನಿಲ್‌ಯೂರಿಯಾ ಮಾತ್ರೆ ಚೆನ್ನಾಗಿ ಹಿಡಿಯುತ್ತದೆಂದು ತೋರಿಸಿದ ಲೇಖನ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಹುಡುಗ ಎಷ್ಟು ಸಾವಿರ ಸೂಜಿ ಚುಚ್ಚಿಕೊಂಡನೋ.

ಇದನ್ನು ಕೇಳಿ ಯಾರೂ ತಾವಾಗಿ ಇನ್ಸುಲಿನ್ ನಿಲ್ಲಿಸಬಾರದು. ಅದು ಪ್ರಾಣಕ್ಕೆ ಅಪಾಯ. ವಂಶವಾಹಿಯ ಪರೀಕ್ಷೆಯಿದೆ, ವೈದ್ಯರನ್ನು ಕೇಳಿ. ಅದಕ್ಕೆ ಮುನ್ನ ಊರಿಗೆ ಫೋನ್ ಮಾಡಿದಾಗ ಹಿರಿಯರಲ್ಲಿ ವಿಚಾರಿಸಿ: ಯಾರಿಗೆ, ಯಾವ ವಯಸ್ಸಿನಲ್ಲಿ ಬಂತು, ಆಗ ಅವರು ದಪ್ಪಗಿದ್ದರೇ ತೆಳ್ಳಗಿದ್ದರೇ ಎಂದು.