ಗುಣವಾದವರನ್ನು ಹುಡುಕೋದು ಯಾಕೆ ಇಷ್ಟು ಕಷ್ಟ?

ನಾನು ಡಾಕ್ಟರ್ ಅಲ್ಲ. ಎಂಟೆಕ್ ಮುಗಿಸಿ ಐರೋಲಿಯಲ್ಲಿ ಡೇಟಾಬೇಸ್ ಕೆಲಸ ಮಾಡೋ ಎಂಜಿನಿಯರ್. ಇವತ್ತಿನ ವಿಷಯವೂ ಒಂಥರಾ ಡೇಟಾದ್ದೇ. ಚಿಕ್ಕವರಿದ್ದಾಗ ಕ್ಯಾನ್ಸರ್ ಬಂದು ಗುಣವಾದವರು ಇಪ್ಪತ್ತು, ಮೂವತ್ತು ವರ್ಷದ ನಂತರ ಹೇಗಿದ್ದಾರೆ? ಅದನ್ನು ತಿಳಿಯೋಕೆ ಅವರನ್ನು ಹುಡುಕೋದು ಹೇಗೆ?

ಗುಣ ಆಯ್ತಲ್ಲ, ಮತ್ತೆ ಯಾಕೆ ಹುಡುಕಬೇಕು ಅಂತ ನೀವು ಕೇಳಬಹುದು. ಜೀವ ಉಳಿಸಿದ ಔಷಧಿಯೇ ಮುಂದೆ ತೊಂದರೆ ಕೊಡಬಹುದು, ಅದಕ್ಕೆ. ಡಾಕ್ಸೋರುಬಿಸಿನ್ ವರ್ಷಗಳ ನಂತರ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು. ಕುತ್ತಿಗೆಗೆ ಕೊಟ್ಟ ರೇಡಿಯೇಷನ್ ಥೈರಾಯ್ಡ್‌ಗೆ, ಸಿಸ್‌ಪ್ಲಾಟಿನ್ ಕಿವಿಗೆ ತೊಂದರೆ ಮಾಡಬಹುದು. ಅಮೆರಿಕದಲ್ಲಿ 1994ರಲ್ಲಿ ಇಂಥವರ ದೊಡ್ಡ ಅಧ್ಯಯನ ಶುರುವಾಯ್ತು. ಅವರ ಒಡಹುಟ್ಟಿದವರನ್ನೂ ಹೋಲಿಕೆಗೆ ಸೇರಿಸಿಕೊಂಡರು. 2006ರಲ್ಲಿ ಬಂದ ಲೆಕ್ಕದ ಪ್ರಕಾರ, ರೋಗ ಪತ್ತೆಯಾಗಿ 30 ವರ್ಷ ಆಗೋ ಹೊತ್ತಿಗೆ ಸುಮಾರು 73% ಜನರಿಗೆ ಕನಿಷ್ಠ ಒಂದು ದೀರ್ಘಕಾಲದ ಕಾಯಿಲೆ ಇತ್ತು.

ಆ ಅಂಕಿಯನ್ನು ಇಲ್ಲಿಗೆ ಕಾಪಿ-ಪೇಸ್ಟ್ ಮಾಡೋಕಾಗಲ್ಲ. ನಮ್ಮ ಊಟ, ಸೋಂಕುಗಳು, ಚಿಕಿತ್ಸೆ ಸಿಕ್ಕ ರೀತಿ ಎಲ್ಲಾ ಬೇರೆ. ನಮ್ಮದೇ ಲೆಕ್ಕ ಬೇಕು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಡಾ. ಪೂರ್ಣಾ ಕುರ್ಕುರೆ ಅವರು 1991ರಲ್ಲೇ ‘ಆಕ್ಟ್’ ಕ್ಲಿನಿಕ್ ಶುರು ಮಾಡಿದರು, ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ. 2009ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಸರೆಯಲ್ಲಿ ಗುಣವಾದವರದ್ದೇ ಗುಂಪು ‘ಉಗಮ್’ ಹುಟ್ಟಿತು.

ಈಗ ಒಂದು ಸಣ್ಣ ಲೆಕ್ಕ, ಊಹೆಯದ್ದು. ಒಂದು ಆಸ್ಪತ್ರೆಯಲ್ಲಿ 1000 ಮಕ್ಕಳು ಗುಣವಾದರು ಅಂದ್ಕೊಳ್ಳಿ. ತಪಾಸಣೆಗೆ ಬಂದವರು 400, ಅದರಲ್ಲಿ 100 ಜನರಿಗೆ ಹೃದಯದ ತೊಂದರೆ. 25% ಅಂತ ಬರೆದುಬಿಡಬಹುದಾ? ಬಾರದ 600 ಜನ ಎಲ್ಲಾ ಆರೋಗ್ಯವಾಗಿದ್ದರೆ ನಿಜವಾದ ಉತ್ತರ 10%. ಅವರೆಲ್ಲರಿಗೂ ತೊಂದರೆ ಇದ್ದರೆ 70%. ಲಾಗ್ ಬರದೇ ಇರೋ ಸರ್ವರ್‌ನಲ್ಲಿ ಎರರ್ ಇಲ್ಲ ಅಂತ ಹೇಳೋಕಾಗುತ್ತಾ? ಹಾಗೇ ಇದು. ಬಾರದವರನ್ನು ಹುಡುಕೋದೇ ಸಂಶೋಧನೆಯ ಅರ್ಧ ಕೆಲಸ.

ಹುಡುಕೋದು ಯಾಕೆ ಕಷ್ಟ? ಫೈಲಿನಲ್ಲಿರೋದು ಅಪ್ಪನ ಹಳೇ ನಂಬರು. ವಿಜಯಪುರದ ಹುಡುಗನ ಹೆಸರು ಮುಂಬೈ ಫೈಲಿನಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಇರುತ್ತೆ. ಆಧಾರ್‌ನಲ್ಲಿ ಬರೀ ಇನಿಷಿಯಲ್. ಮದುವೆಯಾದ ಹುಡುಗಿಯ ಅಡ್ಡಹೆಸರೇ ಬದಲು. ವಿಳಾಸ ಡೊಂಬಿವಲಿಯ ಯಾರೋ ನೆಂಟರದ್ದು.

ಇದೆಲ್ಲಾ ಸಾಫ್ಟ್‌ವೇರ್‌ನಿಂದ ಸ್ವಲ್ಪ ಸರಿಹೋಗುತ್ತೆ. ಸರಿಹೋಗದೇ ಇರೋದು ಇನ್ನೊಂದಿದೆ. ನನ್ನ ಚಿಕ್ಕಮ್ಮನ ಮಗನಿಗೆ ಎಂಟನೇ ವಯಸ್ಸಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಈಗ 31. ಅವನ ಒಪ್ಪಿಗೆ ಕೇಳಿಯೇ ಹೇಳ್ತಿದೀನಿ. ಎರಡು ವರ್ಷದ ಹಿಂದೆ ಫಾಲೋ-ಅಪ್‌ಗೆ ಬನ್ನಿ ಅಂತ ಚಿಕ್ಕಪ್ಪನಿಗೆ ಫೋನ್ ಬಂತು. ಚಿಕ್ಕಪ್ಪ ‘ರಾಂಗ್ ನಂಬರ್’ ಅಂದು ಇಟ್ಟುಬಿಟ್ಟರು. ಯಾಕ್ರಿ ಕಾಕಾ ಅಂದ್ರೆ, “ಇಷ್ಟು ವರ್ಸ ಮುಚ್ಚಿಟ್ಟದ್ದು ಈಗ್ಯಾಕ ತಗೀಲಿ? ಮದುವಿ ಮಾತು ನಡದೈತಿ” ಅಂದರು. ಆ ಭಯ ಸುಳ್ಳಲ್ಲ. ವಿಷಯ ತಿಳಿದ ಮೇಲೆ ತಮ್ಮ ತಾನೇ ಹೋಗಿ ಎಕೋ ಮಾಡಿಸಿಕೊಂಡ. ಹುಡುಗಿಗೂ ತಾನೇ ಹೇಳಿದ. ಆ ಸಂಬಂಧ ಮುರಿದುಬಿತ್ತು. ಅವನ ಹೃದಯದ ಬಡಿತದಲ್ಲಿ ಸ್ವಲ್ಪ ಬಲ ಕಡಿಮೆ ಇದೆ ಅಂತ ಗೊತ್ತಾಗಿ ಈಗ ಮಾತ್ರೆ ತಗೋತಿದ್ದಾನೆ. ಎರಡೂ ನಿಜ, ಎರಡನ್ನೂ ಹೇಳಬೇಕು.

ಹಾಗಾಗಿ ಸಂಶೋಧಕರಿಗೆ ನನ್ನ ಮಾತು: ಫೋನ್ ಎತ್ತಿದವರಿಗೆಲ್ಲಾ ‘ಕ್ಯಾನ್ಸರ್’ ಅನ್ನಬೇಡಿ. ಮೊದಲು ಆ ವ್ಯಕ್ತಿಯನ್ನೇ ಕೇಳಿ. ಚಿಕ್ಕಂದಿನಲ್ಲಿ ಅಪ್ಪ-ಅಮ್ಮ ಹಾಕಿದ ಸಹಿ ಜೀವನಪೂರ್ತಿಗೆ ಸಾಲದು. ಅಧ್ಯಯನ ನಡೆಯುತ್ತಿರುವಾಗ ಮಗು ಪ್ರಾಪ್ತ ವಯಸ್ಸಿಗೆ ಬಂದರೆ ಒಪ್ಪಿಗೆ ಮತ್ತೆ ತಗೋಬೇಕು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತೆ. ರಜೆ ಹಾಕಿ, ಲೋಕಲ್‌ನಲ್ಲಿ ನೇತಾಡಿಕೊಂಡು ಬರೋರಿಗೆ ಬರೀ ಫಾರ್ಮ್ ತುಂಬಿಸಿ ಕಳಿಸಬೇಡಿ. ಅವರ ರಿಪೋರ್ಟನ್ನ ಅವರ ಕೈಗೆ ಕೊಟ್ಟು, ಅರ್ಥ ಆಗೋ ಹಾಗೆ ಹೇಳಿ.

ನಿಮಗೂ ಮೂರು ಮಾತು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಹಳೇ ಡಿಸ್ಚಾರ್ಜ್ ಕಾರ್ಡಿನ ಫೋಟೋ ಇವತ್ತೇ ತೆಗೆದಿಡಿ. ಯಾವ ಔಷಧಿ, ಒಟ್ಟು ಎಷ್ಟು ಡೋಸ್ ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಫೋನ್ ಬಂದರೆ ಆಸ್ಪತ್ರೆಯ ನಂಬರಿಗೆ ನೀವೇ ತಿರುಗಿ ಮಾಡಿ ಖಚಿತಪಡಿಸಿಕೊಳ್ಳಿ. ಒಟಿಪಿ ಯಾರಿಗೂ ಬೇಡ. ಅಧ್ಯಯನಕ್ಕೆ ಸೇರೋದು, ಬಿಡೋದು ನಿಮ್ಮಿಷ್ಟ, ಬೇಡ ಅಂದರೂ ಚಿಕಿತ್ಸೆ ನಿಲ್ಲಬಾರದು. ಆದರೆ ಆ ತೀರ್ಮಾನ ಗುಣವಾದವರೇ ತಗೊಳ್ಳಲಿ. ಅವರ ಪರವಾಗಿ ನಾವು ‘ರಾಂಗ್ ನಂಬರ್’ ಅನ್ನೋದು ಬೇಡ.

ಪ್ರಶ್ನೆ ಇದ್ದರೆ ಕೇಳಿ.